ಕೈರೋದಿಂದ ಕೇಪ್‌ಟೌನ್‌ಗೆ: ವಿಮಾನದ ದೂರ, ಪ್ರಯಾಣದ ಸಮಯ ಲೆಕ್ಕ ಹಾಕುವ ಬಗೆ

ಆಫ್ರಿಕಾದ ಮೇಲ್ತುದಿಯ ಕೈರೋಗೂ ಕೆಳತುದಿಯ ಕೇಪ್‌ಟೌನ್‌ಗೂ ನಡುವೆ ಆಕಾಶದಲ್ಲಿ ಸುಮಾರು 7,250 ಕಿ.ಮೀ. ನೇರವಾಗಿ ಹಾರಿದರೆ ಒಂಬತ್ತು ಗಂಟೆಯ ದಾರಿ. ಆದರೆ ಟಿಕೆಟ್ ಹುಡುಕಲು ಕೂತರೆ ಒಂಬತ್ತು ಗಂಟೆಯ ಪ್ರಯಾಣ ಎಲ್ಲೂ ಕಾಣುವುದಿಲ್ಲ. 13 ಗಂಟೆ, 16 ಗಂಟೆ, 24 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದು ಜಾಲತಾಣ 7,220 ಕಿ.ಮೀ. ಎಂದರೆ ಇನ್ನೊಂದು 7,250 ಎನ್ನುತ್ತದೆ, ಮತ್ತೊಂದು 3,915 ಎಂಬ ಅಂಕಿ ತೋರಿಸುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಯಾವ ಅಂಕಿ ಯಾವುದನ್ನು ಅಳೆಯುತ್ತದೆ ಎಂದು ತಿಳಿದರೆ ಗೊಂದಲ ಹೋಗುತ್ತದೆ. ಇಲ್ಲಿ ಇಡೀ ಲೆಕ್ಕವನ್ನು ಇದೇ ಎರಡು ನಗರಗಳ ಮೇಲೆ ಮಾಡಿ ತೋರಿಸಿದೆ. ಅಂಕಿಗಳನ್ನು ಬದಲಿಸಿಕೊಂಡರೆ ಆಫ್ರಿಕಾದ ಬೇರೆ ಯಾವ ಎರಡು ನಗರಗಳಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ದೂರ

ನಗರದಿಂದ ನಗರಕ್ಕೆ ಅಳೆಯಬೇಡಿ, ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯಿರಿ. ಕೈರೋ ಅಂತರರಾಷ್ಟ್ರೀಯ ನಿಲ್ದಾಣದ ಕೋಡ್ ಸಿಎಐ. ಅದು 30.12° ಉತ್ತರ ಅಕ್ಷಾಂಶ, 31.41° ಪೂರ್ವ ರೇಖಾಂಶದಲ್ಲಿದೆ. ಕೇಪ್‌ಟೌನ್ ನಿಲ್ದಾಣದ ಕೋಡ್ ಸಿಪಿಟಿ, ಅದು 33.97° ದಕ್ಷಿಣ, 18.60° ಪೂರ್ವದಲ್ಲಿದೆ. ಕೋಡ್ ನೋಡಿಯೇ ಮುಂದುವರಿಯಿರಿ, ಏಕೆಂದರೆ ಕೈರೋದ ಪಶ್ಚಿಮಕ್ಕೆ, ಗೀಜಾದ ಕಡೆ, ಸ್ಫಿಂಕ್ಸ್ ಎಂಬ ಎರಡನೇ ಅಂತರರಾಷ್ಟ್ರೀಯ ನಿಲ್ದಾಣವೂ ಇದೆ.

ಭೂಮಿ ಗುಂಡಗಿರುವುದರಿಂದ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಭೂಮಿಯ ಮೈಮೇಲೆ ಬಾಗಿದ ಗೆರೆ. ಅದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ. ಲೆಕ್ಕ ಹಾಕಲು ಸೈನ್, ಕೊಸೈನ್ ಇರುವ ಸಾಧಾರಣ ಕ್ಯಾಲ್ಕುಲೇಟರ್ ಸಾಕು.

1. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣ ಚಿಹ್ನೆ ಹಾಕಿ. ಇಲ್ಲಿ ಕೇಪ್‌ಟೌನ್‌ನ ಅಕ್ಷಾಂಶ −33.97.
2. ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.5018 × (−0.5588) = −0.2804.
3. ಎರಡು ಅಕ್ಷಾಂಶಗಳ ಕೊಸೈನ್ ಗುಣಿಸಿ: 0.8650 × 0.8293 = 0.7173.
4. ರೇಖಾಂಶಗಳ ವ್ಯತ್ಯಾಸ 31.41 − 18.60 = 12.81°. ಅದರ ಕೊಸೈನ್ 0.9751. ಇದನ್ನು ಮೂರನೇ ಹಂತದ ಉತ್ತರಕ್ಕೆ ಗುಣಿಸಿದರೆ 0.6995.
5. ಎರಡನೇ ಮತ್ತು ನಾಲ್ಕನೇ ಹಂತದ ಉತ್ತರಗಳನ್ನು ಕೂಡಿಸಿ: 0.4191.
6. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರ್‌ನಲ್ಲಿ cos⁻¹) ತೆಗೆಯಿರಿ: 65.22°.
7. ಒಂದು ಡಿಗ್ರಿಗೆ 111.195 ಕಿ.ಮೀ.ಯಂತೆ ಗುಣಿಸಿದರೆ 7,252 ಕಿ.ಮೀ.

ಉತ್ತರ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಉತ್ತರವೇ ಹೇಳುತ್ತದೆ. ಸುಮಾರು 1,280 ಕಿ.ಮೀ. ಬಂದಿದ್ದರೆ ಕೇಪ್‌ಟೌನ್‌ನ ಅಕ್ಷಾಂಶಕ್ಕೆ ಋಣ ಚಿಹ್ನೆ ಹಾಕಿಲ್ಲ, ಲೆಕ್ಕದಲ್ಲಿ ಆ ಊರು ಮೆಡಿಟರೇನಿಯನ್ ಕಡೆಗೆ ಹೋಗಿ ಕೂತಿದೆ. ಆಫ್ರಿಕಾದಲ್ಲಿ ಈ ತಪ್ಪು ಆಗುವಷ್ಟು ಬೇರೆಡೆ ಆಗುವುದಿಲ್ಲ, ಏಕೆಂದರೆ ಭೂಮಧ್ಯರೇಖೆಯೂ ಸೊನ್ನೆ ರೇಖಾಂಶವೂ ಎರಡೂ ಈ ಖಂಡದ ಮೇಲೆಯೇ ಹಾದುಹೋಗುತ್ತವೆ. ಡಕಾರ್ (14.67° ಉತ್ತರ, 17.07° ಪಶ್ಚಿಮ) ಮತ್ತು ನೈರೋಬಿ (1.32° ದಕ್ಷಿಣ, 36.93° ಪೂರ್ವ) ನಡುವೆ ನಿಜವಾದ ದೂರ ಸುಮಾರು 6,200 ಕಿ.ಮೀ. ಡಕಾರ್ ಪಶ್ಚಿಮದಲ್ಲಿದೆ ಎಂಬುದನ್ನು ಮರೆತು ರೇಖಾಂಶಗಳನ್ನು ಕಳೆದರೆ 54°ಯ ಬದಲು 20°ಯಷ್ಟೇ ವ್ಯತ್ಯಾಸ ಬಂದು, ದೂರ 2,800 ಕಿ.ಮೀ.ಗೆ ಇಳಿಯುತ್ತದೆ. ಉತ್ತರ ಅರ್ಥವಿಲ್ಲದ ಅಂಕಿಯಾಗಿದ್ದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರದೆ ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ಗಳು ಯಾವಾಗಲೂ ರೇಡಿಯನ್‌ನಲ್ಲೇ ಲೆಕ್ಕ ಮಾಡುತ್ತವೆ, ಆದ್ದರಿಂದ ಅಲ್ಲಿ ಪ್ರತಿ ಕೋನವನ್ನೂ ಮೊದಲು ರೇಡಿಯನ್‌ಗೆ ಪರಿವರ್ತಿಸಬೇಕು.

ಕೈಲೆಕ್ಕದಲ್ಲೇ ಉತ್ತರ ಸರಿಯಿದೆಯೇ ಎಂದು ನೋಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಅಕ್ಷಾಂಶ ವ್ಯತ್ಯಾಸ 64.09°, ಅಂದರೆ 7,127 ಕಿ.ಮೀ. ರೇಖಾಂಶ ವ್ಯತ್ಯಾಸ 12.81°, ಅಂದರೆ ಭೂಮಧ್ಯರೇಖೆಯ ಆಸುಪಾಸಿನಲ್ಲಿ 1,424 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 7,268 ಕಿ.ಮೀ. ನಿಜವಾದ ಉತ್ತರಕ್ಕೂ ಇದಕ್ಕೂ ಬರೀ 16 ಕಿ.ಮೀ. ಅಂತರ. ಎರಡು ಊರುಗಳು ಭೂಮಧ್ಯರೇಖೆಯ ಎರಡೂ ಬದಿಗೆ ಹೆಚ್ಚುಕಡಿಮೆ ಸಮಾನ ದೂರದಲ್ಲಿ, ಒಂದರ ಕೆಳಗೆ ಒಂದು ಇರುವಾಗ ಮಾತ್ರ ಈ ಒರಟು ಲೆಕ್ಕ ಇಷ್ಟು ಚೆನ್ನಾಗಿ ಹೊಂದುತ್ತದೆ.

ಇನ್ನು 7,220 ಎಲ್ಲಿಂದ ಬಂತು? ಮೇಲಿನ ಲೆಕ್ಕ ಭೂಮಿಯನ್ನು ಸರಿಯಾದ ಗೋಳ ಎಂದುಕೊಳ್ಳುತ್ತದೆ. ನಿಜವಾದ ಭೂಮಿ ಧ್ರುವಗಳ ಕಡೆ ಚಪ್ಪಟೆ, ನಡುವೆ ಉಬ್ಬು. ಇದರಿಂದಾಗಿ ಭೂಮಧ್ಯರೇಖೆಯ ಹತ್ತಿರ ಉತ್ತರ–ದಕ್ಷಿಣದ ಒಂದು ಡಿಗ್ರಿ 111.2 ಅಲ್ಲ, 110.6 ಕಿ.ಮೀ. ಕೈರೋ–ಕೇಪ್‌ಟೌನ್ ಗೆರೆ ಪೂರ್ತಿ ಈ ವಲಯದಲ್ಲೇ ಉತ್ತರದಿಂದ ದಕ್ಷಿಣಕ್ಕೆ ಹೋಗುವುದರಿಂದ ಗೋಳದ ಲೆಕ್ಕ ಸುಮಾರು 30 ಕಿ.ಮೀ. ಹೆಚ್ಚು ತೋರಿಸುತ್ತದೆ. ಭೂಮಿಯ ನಿಜ ಆಕಾರ ಬಳಸುವ ತಾಣಗಳು 7,220ರ ಆಸುಪಾಸು ಕೊಡುತ್ತವೆ. ಹಾರಾಟದಲ್ಲಿ ಇದು ಎರಡು ನಿಮಿಷದ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 3,915 ಮಾತ್ರ ಬೇರೆ ಅಳತೆ: ಅದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಸಾಮಾನ್ಯ ಮೈಲಿಯಲ್ಲಿ ಇದೇ ದೂರ 4,505. ಯಾವ ತಾಣದಲ್ಲೂ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆಯ ಹೆಸರು ಓದಿ.

ದೂರದಿಂದ ಹಾರಾಟದ ಸಮಯಕ್ಕೆ

ದೂರವನ್ನು 900ರಿಂದ ಭಾಗಿಸಿ ಸುಮ್ಮನಾಗುವವರೇ ಹೆಚ್ಚು. ಹಾಗೆ ಮಾಡಿದರೆ ಸಮಯ ಯಾವಾಗಲೂ ಕಡಿಮೆ ಬರುತ್ತದೆ. ಮೂರು ವಿಷಯಗಳನ್ನು ಸೇರಿಸಬೇಕು.

ಮೊದಲನೆಯದು ವಿಮಾನದ ವೇಗ. ಬೋಯಿಂಗ್ 787, ಏರ್‌ಬಸ್ ಎ350ಯಂಥ ದೊಡ್ಡ ವಿಮಾನಗಳು ಮ್ಯಾಕ್ 0.85ರ (ಶಬ್ದದ ವೇಗದ 0.85 ಪಾಲು) ಆಸುಪಾಸಿನಲ್ಲಿ ಹಾರುತ್ತವೆ. ಅಷ್ಟು ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ., ಹಾಗಾಗಿ ಇವುಗಳ ವೇಗ 900 ಕಿ.ಮೀ. 737, ಎ320ಯಂಥ ಚಿಕ್ಕ ವಿಮಾನಗಳದು ಮ್ಯಾಕ್ 0.78, ಅಂದರೆ 830 ಕಿ.ಮೀ. ಟಿಕೆಟ್‌ನಲ್ಲಿ ವಿಮಾನದ ಮಾದರಿ ಬರೆದಿರುತ್ತದೆ. ಎರಡೂವರೆ ಸಾವಿರ ಕಿ.ಮೀ. ದಾರಿಯಲ್ಲಿ ಇದರಿಂದಲೇ ಹದಿನೈದು ನಿಮಿಷ ಅತ್ತಿತ್ತ ಆಗುತ್ತದೆ.

ಎರಡನೆಯದು ದಾರಿಯ ಬಳಸು. ವಿಮಾನ ಮಹಾವೃತ್ತದ ಮೇಲೆ ಅಚ್ಚುಕಟ್ಟಾಗಿ ಹೋಗುವುದಿಲ್ಲ. ನಿಗದಿತ ವಾಯುಮಾರ್ಗಗಳನ್ನು ಹಿಡಿಯುತ್ತದೆ, ನಿಲ್ದಾಣದ ಹತ್ತಿರ ರನ್‌ವೇ ದಿಕ್ಕಿಗೆ ತಿರುಗುತ್ತದೆ. ಭೂಮಧ್ಯರೇಖೆಯ ಬಳಿ ಗುಡುಗು ಮೋಡಗಳ ಪಟ್ಟಿ ಬೇರೆ ಇದೆ, ಅಲ್ಲಿ ಮೋಡಗಳನ್ನು ಸುತ್ತಿ ಹೋಗಬೇಕಾಗುತ್ತದೆ. ದೂರಕ್ಕೆ 3ರಿಂದ 5 ಶೇಕಡ ಸೇರಿಸಿ.

ಮೂರನೆಯದು ನೆಲದ ಮೇಲಿನ ಮತ್ತು ಏರಿಳಿತದ ಸಮಯ. ಟಿಕೆಟ್‌ನಲ್ಲಿ ಬರೆದಿರುವುದು ಗೇಟಿನಿಂದ ಹಿಂದೆ ಸರಿದ ಗಳಿಗೆಯಿಂದ ಇನ್ನೊಂದು ಊರಿನ ಗೇಟಿಗೆ ನಿಂತ ಗಳಿಗೆಯವರೆಗಿನ ಅವಧಿ. ರನ್‌ವೇಗೆ ಉರುಳಿಕೊಂಡು ಹೋಗುವುದು, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲ ಸೇರಿ ಪ್ರತಿ ಹಾರಾಟಕ್ಕೂ 30ರಿಂದ 40 ನಿಮಿಷ.

ಈಗ ಲೆಕ್ಕ: 7,250ಕ್ಕೆ 4 ಶೇಕಡ ಸೇರಿಸಿದರೆ 7,540. ಅದನ್ನು 900ರಿಂದ ಭಾಗಿಸಿದರೆ 8 ಗಂಟೆ 23 ನಿಮಿಷ. 35 ನಿಮಿಷ ಕೂಡಿಸಿದರೆ 8 ಗಂಟೆ 58 ನಿಮಿಷ. ನೇರ ಹಾರಾಟ ಎಂದುಕೊಂಡರೆ ಒಂಬತ್ತು ಗಂಟೆ ಎಂದದ್ದು ಇದನ್ನೇ.

ಗಾಳಿಯ ಮಾತು ಬಿಟ್ಟೆವಲ್ಲ ಎನಿಸಬಹುದು. ಪೂರ್ವ–ಪಶ್ಚಿಮದ ದೀರ್ಘ ಹಾರಾಟಗಳಲ್ಲಿ ಗಾಳಿ ಒಂದು ಗಂಟೆ ತಿನ್ನಬಹುದು ಅಥವಾ ಉಳಿಸಬಹುದು. ಉತ್ತರ–ದಕ್ಷಿಣದ ದಾರಿಯಲ್ಲಿ ಹಾಗಲ್ಲ, ಗಾಳಿ ಬಹುಪಾಲು ಪಕ್ಕದಿಂದ ಹೊಡೆಯುತ್ತದೆ. ಚಳಿಗಾಲದಲ್ಲಿ ಈಜಿಪ್ಟ್ ಮೇಲೆ ಪಶ್ಚಿಮದಿಂದ ಗಂಟೆಗೆ 150 ಕಿ.ಮೀ. ಗಾಳಿ ಬೀಸಿದರೂ 900ರ ವೇಗದ ವಿಮಾನ ತನ್ನ ಗೆರೆಯ ಮೇಲೆ ಉಳಿಯಲು ಕಳೆದುಕೊಳ್ಳುವುದು 13 ಕಿ.ಮೀ. ವೇಗ ಮಾತ್ರ. ಆದ್ದರಿಂದ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಒಂದೇ ಒಂದು ತುಂಡು ಇದಕ್ಕೆ ಹೊರತು: ನಡುವೆ ವಿಮಾನ ಬದಲಿಸುವವರು ಹಿಡಿಯುವ ಜೊಹಾನ್ಸ್‌ಬರ್ಗ್–ಕೇಪ್‌ಟೌನ್. ಅದು ಈಶಾನ್ಯದಿಂದ ನೈರುತ್ಯಕ್ಕೆ ಹೋಗುವ ದಾರಿ, ಪಶ್ಚಿಮದ ಗಾಳಿ ಎದುರಾಗುತ್ತದೆ. ಹಾಗಾಗಿ ಕೇಪ್‌ಟೌನ್ ಕಡೆಗೆ ಸುಮಾರು 2 ಗಂಟೆ 10 ನಿಮಿಷ, ಜೊಹಾನ್ಸ್‌ಬರ್ಗ್ ಕಡೆಗೆ ಸುಮಾರು 2 ಗಂಟೆ.

ಸುಡಾನ್ ಸುತ್ತಿ ಹೋಗುವ ದಾರಿ

ಈ ಮಾರ್ಗದಲ್ಲಿ ಸಮಯವನ್ನು ನಿಜವಾಗಿ ಬದಲಿಸುವುದು ಗಾಳಿಯಲ್ಲ, ನೆಲದ ಮೇಲಿನ ಯುದ್ಧ. ಕೈರೋದಿಂದ ಕೇಪ್‌ಟೌನ್‌ಗೆ ಎಳೆದ ನೇರ ಗೆರೆ ಈಜಿಪ್ಟ್ ದಾಟಿ ಸುಡಾನ್ ಮೇಲೆ ಸಾವಿರ ಕಿ.ಮೀ.ಗೂ ಹೆಚ್ಚು ಹೋಗುತ್ತದೆ. ಆಮೇಲೆ ದಕ್ಷಿಣ ಸುಡಾನ್, ಕಾಂಗೊದ ಕಿಸಂಗಾನಿ ಹತ್ತಿರ ಭೂಮಧ್ಯರೇಖೆ, ಮುಂದೆ ಜಾಂಬಿಯಾದ ಪಶ್ಚಿಮ ಭಾಗ, ಬೋಟ್ಸ್ವಾನಾ, ಕೊನೆಗೆ ದಕ್ಷಿಣ ಆಫ್ರಿಕಾ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಕಾಳಗ ಶುರುವಾದ ಮೇಲೆ ಅದರ ವಾಯುಪ್ರದೇಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಲಾಯಿತು. ಅಂದಿನಿಂದ ಈಜಿಪ್ಟ್‌ನಿಂದ ದಕ್ಷಿಣಕ್ಕೆ ಹೋಗುವ ವಿಮಾನಗಳು ಪೂರ್ವಕ್ಕೆ ಬಾಗಿ ಕೆಂಪು ಸಮುದ್ರದ ಮೇಲಿಂದ ಇಳಿಯುವುದು ರೂಢಿಯಾಯಿತು. ಹಳೆಯ ಸಮಯಪಟ್ಟಿಗಳನ್ನೂ ಹಳೆಯ ಪ್ರವಾಸ ಲೇಖನಗಳನ್ನೂ ನಂಬಬಾರದು ಎನ್ನುವುದು ಇದಕ್ಕೇ.

ಬಾಗಿದ ದಾರಿಯನ್ನೂ ಅಳೆಯಬಹುದು. ನಡುವೆ ಒಂದು ಬಿಂದು ಇಟ್ಟು, ದಾರಿಯನ್ನು ಎರಡು ತುಂಡು ಮಾಡಿ, ಎರಡಕ್ಕೂ ಮೇಲಿನ ಏಳು ಹಂತ ಮಾಡಿ ಕೂಡಿಸಿ. ಕೆಂಪು ಸಮುದ್ರದ ಮೇಲೆ 20° ಉತ್ತರ, 38.5° ಪೂರ್ವ ಎಂಬ ಬಿಂದು ಇಟ್ಟುಕೊಳ್ಳೋಣ. ಕೈರೋದಿಂದ ಅಲ್ಲಿಗೆ 1,330 ಕಿ.ಮೀ., ಅಲ್ಲಿಂದ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಕ್ಕೆ 1,226. ಒಟ್ಟು 2,556. ನೇರ ದೂರ 2,473 ಇತ್ತು, ಹೆಚ್ಚಾದದ್ದು 83 ಕಿ.ಮೀ. ಅಡಿಸ್ ಹೇಗೂ ಪೂರ್ವಕ್ಕೇ ಇರುವುದರಿಂದ ಅಲ್ಲಿಗೆ ಹೋಗುವವರಿಗೆ ನಷ್ಟ ಚಿಕ್ಕದು, ಐದಾರು ನಿಮಿಷ. ಅದೇ ಬಿಂದುವಿನ ಮೂಲಕ ಜೊಹಾನ್ಸ್‌ಬರ್ಗ್‌ಗೆ ಹೋದರೆ 1,330 + 5,248 = 6,578 ಕಿ.ಮೀ. ನೇರ ದೂರ 6,265. ಇಲ್ಲಿ 313 ಕಿ.ಮೀ. ಬಳಸು, ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಹೀಗೆ ಬಾಗಿದ ದಾರಿ ಅಳೆದಾಗ ಬಳಸಿನ ಶೇಕಡವನ್ನು 2ಕ್ಕೆ ಇಳಿಸಿ, ಇಲ್ಲದಿದ್ದರೆ ಒಂದೇ ಬಳಸನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ.

ಇವತ್ತು ವಿಮಾನ ಎಲ್ಲಿಂದ ಹೋಗುತ್ತಿದೆ ಎಂದು ತಿಳಿಯಲು ವಿಮಾನ ಪತ್ತೆಹಚ್ಚುವ ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ ಹಿಂದಿನ ಏಳು ದಿನದ ದಾರಿ ನೋಡಿ. ವೇಳಾಪಟ್ಟಿಯ ಸಮಯಕ್ಕಿಂತ ಆ ಏಳು ದಿನ ನಿಜವಾಗಿ ಹಿಡಿದ ಸಮಯ ಹೆಚ್ಚು ನಂಬಿಕೆಗೆ ಯೋಗ್ಯ. ಒಂದು ದಿನವನ್ನು ನೋಡಿ ತೀರ್ಮಾನಿಸಬೇಡಿ.

ಎಲ್ಲಿ ಇಳಿದು ಹತ್ತುವುದು

ಈ ಎರಡು ನಗರಗಳ ನಡುವೆ ಸಾಮಾನ್ಯವಾಗಿ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕು. ಎಲ್ಲಿ ಎನ್ನುವುದರ ಮೇಲೆ ದೂರ ಹೇಗೆ ಬೆಳೆಯುತ್ತದೆ ನೋಡಿ (ಎಲ್ಲವೂ ಗೋಳದ ಲೆಕ್ಕದ ನೇರ ದೂರ):

ಜೊಹಾನ್ಸ್‌ಬರ್ಗ್ ಮೂಲಕ 6,265 + 1,272 = 7,537 ಕಿ.ಮೀ.
ನೈರೋಬಿ ಮೂಲಕ 3,544 + 4,101 = 7,645 ಕಿ.ಮೀ.
ಅಡಿಸ್ ಅಬಾಬಾ ಮೂಲಕ 2,473 + 5,230 = 7,703 ಕಿ.ಮೀ.
ಇಸ್ತಾಂಬುಲ್ ಮೂಲಕ 1,262 + 8,430 = 9,692 ಕಿ.ಮೀ.
ದುಬೈ ಮೂಲಕ 2,415 + 7,644 = 10,059 ಕಿ.ಮೀ.

ಆಫ್ರಿಕಾದೊಳಗಿನ ಮೂರೂ ದಾರಿಗಳು ನೇರ ದೂರಕ್ಕಿಂತ 4ರಿಂದ 6 ಶೇಕಡ ಮಾತ್ರ ಹೆಚ್ಚು. ಇಸ್ತಾಂಬುಲ್ ದಾರಿ ಮೂರನೇ ಒಂದು ಭಾಗ ಹೆಚ್ಚು, ಅದೂ ಮೊದಲು ಉತ್ತರಕ್ಕೆ, ಅಂದರೆ ಹೋಗಬೇಕಾದ ಊರಿಗೆ ಬೆನ್ನು ಹಾಕಿ ಹಾರಿದಂತೆ. ದುಬೈ ಸುಮಾರು 40 ಶೇಕಡ ಹೆಚ್ಚು. ಗಂಟೆಗಳಲ್ಲಿ ಹೇಳುವುದಾದರೆ ಜೊಹಾನ್ಸ್‌ಬರ್ಗ್ ಅಥವಾ ಅಡಿಸ್ ಮೂಲಕ ಗಾಳಿಯಲ್ಲಿ ಕಳೆಯುವುದು ಹತ್ತೂವರೆ ಗಂಟೆಯ ಆಸುಪಾಸು; ದುಬೈ, ಇಸ್ತಾಂಬುಲ್ ಮೂಲಕ ಹದಿಮೂರರ ಮೇಲೆ.

ಆದರೂ ಎಷ್ಟೋ ಸಲ ದೂರದ ದಾರಿಯೇ ಮೊದಲು ಮುಟ್ಟಿಸುತ್ತದೆ. ಇದು ಆಫ್ರಿಕಾದ ವಿಮಾನ ಸಂಚಾರದ ದೊಡ್ಡ ಕೊರತೆ, ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ದಿನಕ್ಕೆ ಹಲವು ವಿಮಾನಗಳಿರುವ ದೊಡ್ಡ ನಿಲ್ದಾಣದಲ್ಲಿ ಎರಡು–ಮೂರು ಗಂಟೆಗೆ ಮುಂದಿನ ವಿಮಾನ ಸಿಗುತ್ತದೆ. ಖಂಡದೊಳಗಿನ ಅನೇಕ ದಾರಿಗಳಲ್ಲಿ ದಿನಕ್ಕೆ ಒಂದೇ ವಿಮಾನ, ಕೆಲವಕ್ಕೆ ವಾರದಲ್ಲಿ ಮೂರು–ನಾಲ್ಕು ದಿನ ಮಾತ್ರ. ಆಫ್ರಿಕಾದ ದೇಶಗಳು 1999ರಲ್ಲಿ ಐವರಿ ಕೋಸ್ಟ್‌ನ ಯಾಮುಸುಕ್ರೊದಲ್ಲಿ ಪರಸ್ಪರ ಆಕಾಶ ತೆರೆಯಲು ಒಪ್ಪಿದವು. 2018ರ ಜನವರಿಯಲ್ಲಿ ಆಫ್ರಿಕನ್ ಒಕ್ಕೂಟ ಏಕ ವಾಯುಸಾರಿಗೆ ಮಾರುಕಟ್ಟೆಗೆ ಚಾಲನೆ ಕೊಟ್ಟಿತು. ಹಾಗಿದ್ದೂ ಒಂದು ಆಫ್ರಿಕನ್ ನಗರದಿಂದ ಇನ್ನೊಂದಕ್ಕೆ ಖಂಡದ ಹೊರಗೆ ಹೋಗಿ ಬರುವುದು ಇನ್ನೂ ತಪ್ಪಿಲ್ಲ. ಆದ್ದರಿಂದ ಟಿಕೆಟ್ ಆರಿಸುವಾಗ ದೂರವನ್ನು ಬದಿಗಿಟ್ಟು ನಡುವಿನ ಕಾಯುವಿಕೆ ನೋಡಿ. ಒಂದು ಗಂಟೆ ಕಾಯುವುದು 900 ಕಿ.ಮೀ. ಹಾರಿದ್ದಕ್ಕೆ ಸಮ. ದುಬೈ ದಾರಿಯ ಹೆಚ್ಚುವರಿ 2,500 ಕಿ.ಮೀ. ಅಂದರೆ ಮೂರು ಗಂಟೆಗೂ ಕಡಿಮೆ. ಅಡಿಸ್‌ನಲ್ಲಿ ಎಂಟು ಗಂಟೆ ಕಾಯಬೇಕಾಗಿ ಬಂದರೆ ಆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ನಮ್ಮ ಸಲಹೆ: ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಬೇಕು, ನಡುವಿನ ಕಾಯುವಿಕೆ ಎರಡರಿಂದ ನಾಲ್ಕು ಗಂಟೆ ಇರಬೇಕು. ಈ ಎರಡು ಷರತ್ತಿಗೆ ಹೊಂದುವ ಟಿಕೆಟ್ ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಅಡಿಸ್ ಮೂಲಕ ಸಿಗುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಈಜಿಪ್ಟ್‌ಏರ್‌ನಲ್ಲಿ ಜೊಹಾನ್ಸ್‌ಬರ್ಗ್‌ವರೆಗೆ ಹೋಗಿ ಅಲ್ಲಿಂದ ದೇಶೀಯ ವಿಮಾನ ಹಿಡಿಯುವುದನ್ನು. ನೈರೋಬಿ ದಾರಿ ನಕ್ಷೆಯಲ್ಲಿ ಚೆಂದ, ಆದರೆ ಈಜಿಪ್ಟ್‌ಏರ್ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದ್ದು, ಕೀನ್ಯಾ ಏರ್‌ವೇಸ್ ಸ್ಕೈಟೀಮ್ ಕೂಟದ್ದು. ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿಸಿಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ಹೊಸ ಟಿಕೆಟ್ ನಿಮ್ಮ ಖರ್ಚಿನಲ್ಲೇ.

ಗಡಿಯಾರದ ಲೆಕ್ಕ

ಟಿಕೆಟ್‌ನಲ್ಲಿರುವ ಪ್ರತಿ ಸಮಯವೂ ಆಯಾ ಊರಿನ ಸ್ಥಳೀಯ ಸಮಯ. ಒಟ್ಟು ಅವಧಿ ತಿಳಿಯಲು ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯಕ್ಕೆ, ತಂದು ಕಳೆಯಬೇಕು. ದಕ್ಷಿಣ ಆಫ್ರಿಕಾ ವರ್ಷವಿಡೀ ಯುಟಿಸಿಗಿಂತ 2 ಗಂಟೆ ಮುಂದೆ. ಇಥಿಯೋಪಿಯಾ, ಕೀನ್ಯಾ ವರ್ಷವಿಡೀ 3 ಗಂಟೆ ಮುಂದೆ. ಎಡವುವುದು ಈಜಿಪ್ಟ್‌ನಲ್ಲಿ. ಅಲ್ಲಿ ಸಾಮಾನ್ಯವಾಗಿ 2 ಗಂಟೆ ಮುಂದೆ, ಆದರೆ 2023ರಿಂದ ಬೇಸಿಗೆ ಸಮಯ ಮತ್ತೆ ಜಾರಿಗೆ ಬಂದಿದೆ. ಏಪ್ರಿಲ್ ತಿಂಗಳ ಕೊನೆಯ ಶುಕ್ರವಾರದಿಂದ ಅಕ್ಟೋಬರ್ ಕೊನೆಯ ಗುರುವಾರದವರೆಗೆ ಅಲ್ಲಿ 3 ಗಂಟೆ ಮುಂದೆ. ಹಾಗಾಗಿ ಕೈರೋಗೂ ಕೇಪ್‌ಟೌನ್‌ಗೂ ಜನವರಿಯಲ್ಲಿ ಒಂದೇ ಸಮಯ, ಜುಲೈನಲ್ಲಿ ಒಂದು ಗಂಟೆ ವ್ಯತ್ಯಾಸ.

ಒಂದು ಮಾದರಿ ಲೆಕ್ಕ. ಜೂನ್ ತಿಂಗಳಲ್ಲಿ ರಾತ್ರಿ 23:00ಕ್ಕೆ ಕೈರೋ ಬಿಟ್ಟಿರಿ ಎನ್ನೋಣ. ಮೂರು ಗಂಟೆ ಕಳೆದರೆ 20:00 ಯುಟಿಸಿ. ಅಡಿಸ್ ಮುಟ್ಟಿದ್ದು ಅಲ್ಲಿಯ 03:00, ಅಂದರೆ 00:00 ಯುಟಿಸಿ. ಹಾರಾಟ 4 ಗಂಟೆ. ಅಡಿಸ್ ಬಿಟ್ಟಿದ್ದು 08:30ಕ್ಕೆ, 05:30 ಯುಟಿಸಿ. ಕಾದದ್ದು ಐದೂವರೆ ಗಂಟೆ. ಕೇಪ್‌ಟೌನ್ ಮುಟ್ಟಿದ್ದು ಅಲ್ಲಿಯ 14:15, ಎರಡು ಗಂಟೆ ಕಳೆದರೆ 12:15 ಯುಟಿಸಿ. ಹಾರಾಟ 6 ಗಂಟೆ 45 ನಿಮಿಷ. ಒಟ್ಟು 20:00ರಿಂದ ಮರುದಿನ 12:15, ಅಂದರೆ 16 ಗಂಟೆ 15 ನಿಮಿಷ. ಗಡಿಯಾರ ಮಾತ್ರ ನೋಡಿ 23:00ರಿಂದ 14:15 ಎಂದು ಎಣಿಸಿದವರಿಗೆ 15 ಗಂಟೆ 15 ನಿಮಿಷ ಬರುತ್ತದೆ, ಒಂದು ಗಂಟೆ ತಪ್ಪು.

ಅಕ್ಟೋಬರ್‌ನ ಕೊನೆಯ ಗುರುವಾರ ರಾತ್ರಿ ಕೈರೋದಿಂದ ಹೊರಡುವವರು ವಿಶೇಷ ಎಚ್ಚರದಲ್ಲಿರಬೇಕು. ಅಂದು ನಡುರಾತ್ರಿ ಗಡಿಯಾರ ಮತ್ತೆ 23:00ಕ್ಕೆ ಹೋಗುತ್ತದೆ, ಹನ್ನೊಂದರಿಂದ ಹನ್ನೆರಡರ ಗಂಟೆ ಎರಡು ಸಲ ಬರುತ್ತದೆ. ಟಿಕೆಟ್‌ನಲ್ಲಿ 23:40 ಎಂದಿದ್ದರೆ ಅದು ಮೊದಲನೆಯದೋ ಎರಡನೆಯದೋ ಎಂದು ವಿಮಾನ ಕಂಪನಿಯನ್ನೇ ಕೇಳಿ. ಉತ್ತರ ಸಿಗುವವರೆಗೆ ಮೊದಲನೆಯದು ಎಂದೇ ಹೊರಡಿ.

ಅಡಿಸ್‌ನಲ್ಲಿ ಇನ್ನೊಂದು ತೊಡಕು. ಇಥಿಯೋಪಿಯಾದ ಜನ ಬೆಳಗಿನ ಆರು ಗಂಟೆಯಿಂದ ಹೊತ್ತು ಎಣಿಸುತ್ತಾರೆ. ನಿಮ್ಮ 8:30 ಅಲ್ಲಿಯ ಮಾತಿನಲ್ಲಿ 2:30. ಟಿಕೆಟ್, ಬೋರ್ಡಿಂಗ್ ಪಾಸ್, ನಿಲ್ದಾಣದ ಪರದೆ ಎಲ್ಲವೂ ಅಂತರರಾಷ್ಟ್ರೀಯ ಸಮಯವನ್ನೇ ತೋರಿಸುತ್ತವೆ. ಆದರೆ ಊರೊಳಗೆ ಉಳಿದುಕೊಂಡು ಬೆಳಗ್ಗೆ ಟ್ಯಾಕ್ಸಿ ಗೊತ್ತು ಮಾಡುವಾಗ ಯಾವ ಲೆಕ್ಕದ ಗಂಟೆ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಆರು ಗಂಟೆ ಆಚೀಚೆ ಆದರೆ ವಿಮಾನ ಕೈಬಿಟ್ಟಂತೆಯೇ. ಅಡಿಸ್‌ನ ಬೋಲೆ ನಿಲ್ದಾಣ ಸಮುದ್ರ ಮಟ್ಟದಿಂದ 2,334 ಮೀಟರ್ ಎತ್ತರದಲ್ಲಿದೆ. ಗೇಟಿನಿಂದ ಗೇಟಿಗೆ ಚೀಲ ಹೊತ್ತು ಓಡಿದರೆ ಏದುಸಿರು ಬೇಗ ಬರುತ್ತದೆ, ಅಲ್ಲಿಗೂ ಕಾಲಾವಕಾಶ ಇಟ್ಟುಕೊಳ್ಳಿ.

ನಡುವೆ ನಿಂತಲ್ಲಿ ಏನೇನು ಆಗುತ್ತದೆ

ಜೊಹಾನ್ಸ್‌ಬರ್ಗ್‌ನ ಓ. ಆರ್. ಟಾಂಬೊ ನಿಲ್ದಾಣದಲ್ಲಿ ಹೆಚ್ಚಿನವರು ಎಡವುವುದು ಲಗೇಜ್ ವಿಷಯದಲ್ಲಿ. ಕೈರೋದಲ್ಲಿ ಕಟ್ಟಿದ ಚೀಟಿಯ ಮೇಲೆ ಕೇಪ್‌ಟೌನ್‌ನ ಕೋಡ್ ಇದ್ದರೂ ಚೀಲ ತಾನಾಗಿ ಮುಂದೆ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಚೀಲ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಿ, ದೇಶೀಯ ವಿಮಾನದ ಟರ್ಮಿನಲ್ ಬಿಗೆ ನಡೆಯಬೇಕು. ಇಮಿಗ್ರೇಷನ್ ಸಾಲು ಉದ್ದವಿದ್ದರೆ ಅಲ್ಲೇ ಒಂದು ಗಂಟೆ ಹೋಗುತ್ತದೆ. ಒಂದೂವರೆ ಗಂಟೆಯ ಅಂತರದ ಟಿಕೆಟ್ ಮಾರಾಟಕ್ಕೆ ಇರುತ್ತದೆ, ಆದರೆ ಮೂರು ಗಂಟೆಗಿಂತ ಕಡಿಮೆ ಇರುವುದನ್ನು ಕೊಳ್ಳಬೇಡಿ. ಜೊಹಾನ್ಸ್‌ಬರ್ಗ್‌ಗೆ ಲ್ಯಾನ್ಸೇರಿಯಾ ಎಂಬ ಎರಡನೇ ನಿಲ್ದಾಣವಿದೆ; ಕೇಪ್‌ಟೌನ್‌ಗೆ ಅಗ್ಗದ ದೇಶೀಯ ವಿಮಾನಗಳು ಅಲ್ಲಿಂದಲೂ ಹೊರಡುತ್ತವೆ. ಅದು ನಗರದ ಇನ್ನೊಂದು ಬದಿಗಿದೆ. ಜೆಎನ್‌ಬಿ ಎಂಬ ಕೋಡ್ ಇದ್ದರೆ ಮಾತ್ರ ನೀವು ಇಳಿದ ನಿಲ್ದಾಣ, ಎಚ್‌ಎಲ್‌ಎ ಇದ್ದರೆ ಲ್ಯಾನ್ಸೇರಿಯಾ.

ಅಡಿಸ್ ಮೂಲಕ ಹೋದರೆ ಈ ಗೋಜಿಲ್ಲ. ಒಂದೇ ಟಿಕೆಟ್ ಆಗಿದ್ದರೆ ಚೀಲ ನೇರ ಕೇಪ್‌ಟೌನ್‌ನಲ್ಲೇ ಸಿಗುತ್ತದೆ, ನಡುವೆ ಭದ್ರತಾ ತಪಾಸಣೆ ಮಾತ್ರ. ಅಂತರ ಎರಡು ಗಂಟೆ ಇದ್ದರೆ ಸಾಲುತ್ತದೆ.

ಹಳದಿ ಜ್ವರದ ಲಸಿಕೆಯ ಕಾರ್ಡ್ ವಿಷಯ ಕಾಯುವಿಕೆಯ ಉದ್ದಕ್ಕೇ ತಳುಕು ಹಾಕಿಕೊಂಡಿದೆ. ಈಜಿಪ್ಟ್ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿಲ್ಲ. ಇಥಿಯೋಪಿಯಾ, ಕೀನ್ಯಾ ಇವೆ. ಅಂಥ ದೇಶದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಇದ್ದು ಬಂದವರಿಗೆ ದಕ್ಷಿಣ ಆಫ್ರಿಕಾ ಕಾರ್ಡ್ ಕೇಳುತ್ತದೆ. ಹಿಂದಿರುಗುವಾಗ ಈಜಿಪ್ಟ್‌ನದೂ ಅದೇ ನಿಯಮ. ಅಡಿಸ್‌ನಲ್ಲಿ ಹತ್ತು ಗಂಟೆ ಕಾಯುವ ಟಿಕೆಟ್ ಕೊಂಡು, ಅಲ್ಲಿಂದ ಮುಂದಿನ ವಿಮಾನ ತಪ್ಪಿಯೋ ರದ್ದಾಗಿಯೋ ಕಾಯುವುದು ಹದಿನೈದು ಗಂಟೆಗೆ ಬೆಳೆದರೆ ಆ ಕ್ಷಣದಿಂದ ನಿಮಗೆ ಕಾರ್ಡ್ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲಷ್ಟೇ ಕಾರ್ಡ್ ಊರ್ಜಿತ, ಆದ್ದರಿಂದ ನಿಲ್ದಾಣದಲ್ಲಿ ಇದಕ್ಕೆ ಪರಿಹಾರ ಇಲ್ಲ. 2016ರ ಜುಲೈ 11ರಿಂದ ಒಂದು ಸಲದ ಲಸಿಕೆಯ ಕಾರ್ಡ್ ಜೀವನಪರ್ಯಂತ ನಡೆಯುತ್ತದೆ, ಹಳೆಯ ಕಾರ್ಡ್‌ನ ಮೇಲೆ ಹತ್ತು ವರ್ಷ ಎಂದು ಬರೆದಿದ್ದರೂ ಸಹ. ಆಫ್ರಿಕಾದೊಳಗೆ ಓಡಾಡುವವರು ಇದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು.

ನೈರೋಬಿಯಲ್ಲಿ ನಿಲ್ದಾಣದ ಹೊರಗೆ ಹೋಗುವುದಾದರೆ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು, ಅದನ್ನು ಹೊರಡುವ ಮೊದಲೇ ಮಾಡಿಸಿ.

ತಡವಾಗುವ ಕಾಲಗಳು

ಮಾರ್ಚ್‌ನಿಂದ ಮೇವರೆಗೆ ಕೈರೋದಲ್ಲಿ ಖಮ್ಸೀನ್ ಎಂಬ ಬಿಸಿ ಧೂಳುಗಾಳಿ ಬೀಸುತ್ತದೆ. ಎದುರು ಕಾಣದಷ್ಟು ಧೂಳು ಕವಿದ ದಿನ ವಿಮಾನಗಳು ಹೊರಡುವುದಿಲ್ಲ. ಜುಲೈ, ಆಗಸ್ಟ್ ಅಡಿಸ್‌ನ ದೊಡ್ಡ ಮಳೆಗಾಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಜೊಹಾನ್ಸ್‌ಬರ್ಗ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ, ನೆಲದ ಕೆಲಸವನ್ನೇ ಸಿಡಿಲಿನ ಭಯಕ್ಕೆ ನಿಲ್ಲಿಸುವುದುಂಟು. ಆ ತಿಂಗಳುಗಳಲ್ಲಿ ಕೇಪ್‌ಟೌನ್‌ಗೆ ಮಧ್ಯಾಹ್ನಕ್ಕೆ ಮುಂಚಿನ ವಿಮಾನವನ್ನೇ ಹಿಡಿಯಿರಿ. ಕೇಪ್‌ಟೌನ್‌ನಲ್ಲಿ ಬೇಸಿಗೆಯಲ್ಲಿ ಆಗ್ನೇಯದ ಜೋರು ಗಾಳಿ, ಚಳಿಗಾಲದ ಬೆಳಗಿನಲ್ಲಿ ಮಂಜು.

ಮನೆಯಿಂದ ಮನೆಗೆ

ಕೊನೆಗೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂಡಿಸಿ. ಕೈರೋದಲ್ಲಿ ಹೊರಡುವ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ನಗರದ ಮಧ್ಯದಿಂದ ನಿಲ್ದಾಣಕ್ಕೆ ದಟ್ಟಣೆಯ ಹೊತ್ತಿನಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಇವೆರಡು ಸೇರಿ ನಾಲ್ಕೂವರೆ ಗಂಟೆ. ಅಡಿಸ್ ಮೂಲಕ ಮೊದಲ ಹಾರಾಟ 4, ಕಾಯುವುದು 3, ಎರಡನೇ ಹಾರಾಟ 6 ಗಂಟೆ 45 ನಿಮಿಷ. ಕೇಪ್‌ಟೌನ್‌ನಲ್ಲಿ ಇಮಿಗ್ರೇಷನ್, ಚೀಲ, ಊರಿಗೆ ಪ್ರಯಾಣ ಸೇರಿ ಒಂದೂವರೆಯಿಂದ ಎರಡು ಗಂಟೆ. ಒಟ್ಟು 20 ಗಂಟೆ. ಇದೇ ಲೆಕ್ಕವನ್ನು ಜೊಹಾನ್ಸ್‌ಬರ್ಗ್ ದಾರಿಗೆ ಮಾಡಿದರೆ ನಾಲ್ಕೂವರೆ, 8 ಗಂಟೆ 15 ನಿಮಿಷ, 3, 2 ಗಂಟೆ 10 ನಿಮಿಷ, ಕೊನೆಗೆ ದೇಶೀಯ ವಿಮಾನವಾದ್ದರಿಂದ ಇಮಿಗ್ರೇಷನ್ ಇಲ್ಲದೆ ಒಂದು ಗಂಟೆ. ಒಟ್ಟು ಸುಮಾರು 19 ಗಂಟೆ. ಕೇಪ್‌ಟೌನ್‌ನಲ್ಲಿ ತಪ್ಪಿಸಲಾಗದ ಕೆಲಸ ಇರುವ ದಿನವೇ ಮುಟ್ಟುವಂತೆ ಟಿಕೆಟ್ ಮಾಡಿಸಬೇಡಿ. ಅಡಿಸ್‌ನಲ್ಲಿ ಎರಡನೇ ವಿಮಾನ ತಪ್ಪಿದರೆ ಮುಂದಿನದು ಮರುದಿನ ಅದೇ ಹೊತ್ತಿಗೇ ಇರಬಹುದು, 20 ಗಂಟೆಯ ಪ್ರಯಾಣ ಆಗ 44 ಗಂಟೆಯಾಗುತ್ತದೆ.